ಸೀಟ್ ಬೆಲ್ಟಿನೊಳಗಿನ ಹಳದಿ ಪುಡಿ

ಬೆಳಿಗ್ಗೆ ಹತ್ತು ಗಂಟೆ ಹತ್ತು ನಿಮಿಷಕ್ಕೆ ನಾನು ಆ ಕಾರಿನ ಬಾನೆಟ್ ಮೇಲೆ ಅಂಗೈ ಇಟ್ಟೆ. ಬೆಚ್ಚಗಿತ್ತು.

ಎಲ್ಲ ಕೆಡಲು ಶುರುವಾದದ್ದು ಯಾವಾಗ ಎಂದು ಜನ ಕೇಳುತ್ತಾರೆ. ಅವರು ಕೇಳುವುದು ಕಾಗವಾಡ ರಸ್ತೆಯ ಆ ಮಧ್ಯಾಹ್ನದ ಬಗ್ಗೆ, ಹೊಗೆಯ ಬಗ್ಗೆ, ಒಡೆದ ಗಾಜಿನ ಬಗ್ಗೆ. ನನ್ನ ಲೆಕ್ಕದಲ್ಲಿ ಅದು ಶುರುವಾದದ್ದು ಅದಕ್ಕೂ ಮೂರೂವರೆ ವಾರ ಮೊದಲು, ಒಂದು ಭಾನುವಾರ, ಚಿಕ್ಕೋಡಿ ಊರ ಹೊರಗಿನ ಒಂದು ತಗಡಿನ ಶೆಡ್ಡಿನಲ್ಲಿ. ಹಳೆಯ ಕಾರು ಮಾರುವವನ ಶೆಡ್ಡು ಅದು. ಅವನ ತಲೆಯ ಹಿಂದೆ ಗೋಡೆ ಗಡಿಯಾರವಿತ್ತು. ನನ್ನ ಅಂಗೈ ಬಿಸಿ ತಾಗಿ ಹಿಂದೆ ಬಂದಾಗ ನಾನು ನೋಡಿದ್ದು ಅದನ್ನೇ.

ಕೊಳ್ಳುವವರು ಬರುವ ಮೊದಲು ಡೀಸೆಲ್ ಎಂಜಿನ್ ಬಿಸಿಯಾಗಿರಬಾರದು. ಇದು ನನಗೆ ಗೊತ್ತಿತ್ತು. ರಾತ್ರಿಯೆಲ್ಲ ತಣ್ಣಗೆ ನಿಂತ ಡೀಸೆಲ್ ಗಾಡಿ ಬೆಳಿಗ್ಗೆ ಮೊದಲ ಸಲ ಚಾಲೂ ಆಗುವಾಗ ತನ್ನ ರೋಗವನ್ನೆಲ್ಲ ತಾನೇ ಹೇಳಿಬಿಡುತ್ತದೆ. ನೀಲಿ ಹೊಗೆ ಬಂದರೆ ಒಳಗೆ ಆಯಿಲ್ ಸುಡುತ್ತಿದೆ ಎಂದರ್ಥ. ಒಮ್ಮೆ ಬಿಸಿಯಾದ ಮೇಲೆ ಅದೇ ಗಾಡಿ ಮದುವೆಗೆ ನಿಂತ ಹುಡುಗನ ಹಾಗೆ ಸಭ್ಯವಾಗಿ ನಿಲ್ಲುತ್ತದೆ. ಮಾರುವವನು ನಮಗೆ ಫೋನಿನಲ್ಲಿ ಹೇಳಿದ್ದ: "ಹತ್ತಕ್ಕ ಬರ್ರಿ ಸಾಹೇಬ್ರ, ಮೊದಲ ಬರಬ್ಯಾಡ್ರಿ, ಶೆಡ್ಡ ತಗದಿರೂದಿಲ್ಲ." ಒಂಬತ್ತಕ್ಕೆ ಹೋಗಬೇಕಿತ್ತು. ಹೋಗಲಿಲ್ಲ.

"ಗಾಡಿ ಬಿಸಿ ಐತಲ್ರಿ" ಎಂದೆ.

"ಬಿಸಿಲಾಗ ನಿಂತೈತ್ರಿ ಅಕ್ಕಾರ" ಎಂದ. ನಮ್ಮ ಕಡೆ ಟೀಚರುಗಳನ್ನು ಹಾಗೆಯೇ ಕರೆಯುತ್ತಾರೆ. ನಾನು ಅಥಣಿ ಹತ್ತಿರದ ಒಂದು ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುತ್ತೇನೆ ಎಂದು ನನ್ನ ಗಂಡ ಅವನಿಗೆ ಮೊದಲೇ ಹೇಳಿದ್ದರು.

ಕಾರು ನಿಂತಿದ್ದು ನೆರಳಿನಲ್ಲಿ. ನಾನು ನನ್ನ ಗಂಡನ ಮುಖ ನೋಡಿದೆ. "ತೊಳಿಯಾಕ ಹೊರಗ ಒಳಗ ಮಾಡಿರ್ತಾರ ಬಿಡು" ಎಂದರು. ಅವರದು ಪೈಪು, ಮೋಟಾರು ಮಾರುವ ಅಂಗಡಿ. ಹೊಲಕ್ಕೆ ಹಾಕುವ ಪೈಪನ್ನು ಬೆರಳಿನಿಂದ ತಟ್ಟಿ ಶಬ್ದದ ಮೇಲೆ ಗುಣ ಹೇಳುವ ಮನುಷ್ಯ. ಗಾಡಿಯ ಮುಂದೆ ಆ ಕಿವಿ ಎಲ್ಲಿ ಹೋಗಿತ್ತೋ. ನನ್ನ ಬಾಯಿ ಎಲ್ಲಿ ಹೋಗಿತ್ತೋ.

ನಮಗೆ ಬೇಕಾಗಿದ್ದು ಡಿಕ್ಕಿ ಇರುವ, ಹಿಂದೆ ಅಗಲವಾದ ಸೀಟಿರುವ ಡೀಸೆಲ್ ಕಾರು. ಅತ್ತೆಯ ಮೊಣಕಾಲಿನ ಆಪರೇಶನ್ ಮಿರಜದಲ್ಲಿ ಆಗಿತ್ತು. ಕಾಲು ಮಡಚುವಂತಿರಲಿಲ್ಲ. ಒಂದು ಬಾಗಿಲಿಗೆ ಬೆನ್ನು ಕೊಟ್ಟು ಸೀಟಿನ ಉದ್ದಕ್ಕೂ ಕಾಲು ಚಾಚಿ ಕೂತರೆ ಮಾತ್ರ ಅವರಿಗೆ ಪ್ರಯಾಣ ಸಾಧ್ಯ. ವಾರಕ್ಕೆ ಎರಡು ಸಲ ಅಥಣಿಯಿಂದ ಮಿರಜಕ್ಕೆ ವ್ಯಾಯಾಮಕ್ಕಾಗಿ ಕರೆದೊಯ್ಯಬೇಕು; ನಡೆಯುವ ವಾಕರು ಡಿಕ್ಕಿಯಲ್ಲಿ ಹಿಡಿಯಬೇಕು. ರಾಯಬಾಗದಲ್ಲಿ ಒಂದು, ನಿಪ್ಪಾಣಿಯಲ್ಲಿ ಎರಡು ಗಾಡಿ ನೋಡಿ ಬಿಟ್ಟಿದ್ದೆವು. ಅಲ್ಲೆಲ್ಲ ನಾನೇ ಒಂದೊಂದು ತಪ್ಪು ಹುಡುಕಿ ತೆಗೆದಿದ್ದೆ. ಒಂದರ ಬಾಗಿಲು ಹಾಕುವಾಗ ಬರುವ ಶಬ್ದ ನಾಲ್ಕೂ ಕಡೆ ಬೇರೆ ಬೇರೆಯಾಗಿತ್ತು, ಅಂದರೆ ಎಲ್ಲೋ ಗುದ್ದಿ ಬಾಗಿಲು ಬದಲಾಗಿದೆ. ಇನ್ನೊಂದರ ಟೈರು ಒಳಬದಿಯಲ್ಲಿ ಮಾತ್ರ ಸವೆದಿತ್ತು. ಮೂರನೆಯದರ ಪೇಪರಿನಲ್ಲಿದ್ದ ಚಾಸಿ ನಂಬರು ಗಾಡಿಯ ಮೇಲಿನದಕ್ಕೆ ಹೊಂದಲಿಲ್ಲ. "ನೀ ಮಾಸ್ತರಕಿ ಅಲ್ಲ, ಸಿಐಡಿ ಆಗಬೇಕಿತ್ತು" ಎಂದು ಗಂಡ ನಗುತ್ತಿದ್ದರು. ಅಂಥವಳು ಚಿಕ್ಕೋಡಿಯಲ್ಲಿ ಕುರುಡಿಯಾದೆ. ಯಾಕೆ ಎಂದು ಹೇಳಲು ನಾಚಿಕೆಯಾಗುತ್ತದೆ, ಆದರೂ ಹೇಳುತ್ತೇನೆ.

ಗಾಡಿ ತುಂಬ ಭಂಡಾರವಿತ್ತು.

ಮಂಗಸೂಳಿ ಮಲ್ಲಯ್ಯನ ಭಂಡಾರವೆಂದರೆ ಅರಿಶಿಣದ ಪುಡಿ. ಅಲ್ಲಿಗೆ ಹೋದವರು ಅದನ್ನು ಮುಷ್ಟಿ ಮುಷ್ಟಿ ಹಾರಿಸುತ್ತಾರೆ. ಗುಡಿಯ ಮೆಟ್ಟಿಲು, ಜನರ ಕೂದಲು, ಬಂದ ಗಾಡಿಗಳು ಎಲ್ಲ ಹಳದಿ. ಮಲ್ಲಯ್ಯ ನಮ್ಮ ಮನೆ ದೇವರು. ಆ ಕಾರಿನ ಬಾನೆಟ್, ಸ್ಟೇರಿಂಗು, ಸೀಟಿನ ಸಂದಿ, ಕಾಲಡಿಯ ಮ್ಯಾಟು, ಡಿಕ್ಕಿಯ ಒಳಗೆ, ಎಂಜಿನ್ನಿನ ಮೇಲೆ ಕೂಡ ಭಂಡಾರ ಚೆಲ್ಲಿತ್ತು.

"ನಿನ್ನೇನ ಮಂಗಸೂಳಿಗೆ ಹೋಗಿ ಬಂದೈತ್ರಿ ಗಾಡಿ" ಎಂದ ಅವನು. "ಫೋನಿನ್ಯಾಗ ನೀವ ಹೇಳಿದ್ರಲ್ಲಾ, ಮನಿ ದೇವ್ರು ಮಲ್ಲಯ್ಯ ಅಂತ. ಆ ಭಂಡಾರ ಬೀಳದ ನಿಮ್ಮ ಕೈಯಾಗ ಹ್ಯಾಂಗ ಕೊಡ್ಲಿ? ನನಗೂ ಮಕ್ಕಳ ಅದಾವ್ರಿ."

ಗಾಡಿಯ ಮಾತಿಗೆ ಫೋನ್ ಮಾಡಿದಾಗ ಊರು ಯಾವುದು, ಅಡ್ಡಹೆಸರು ಏನು, ಮನೆ ದೇವರು ಯಾವುದು ಎಂದು ಅವನು ಕೇಳಿದ್ದ. ನಮ್ಮ ಕಡೆ ಇದು ಯಾರು ಬೇಕಾದರೂ ಯಾರನ್ನು ಬೇಕಾದರೂ ಕೇಳುವ ಪ್ರಶ್ನೆ. ಬಸ್ಸಿನಲ್ಲಿ ಪಕ್ಕ ಕೂತವರೂ ಕೇಳುತ್ತಾರೆ. ನನ್ನ ಗಂಡ ಹೇಳಿದ್ದರು. ಈಗ ಅವರು ಚಪ್ಪಲಿ ಬಿಟ್ಟು, ಬಾನೆಟ್ ಮೇಲಿನ ಪುಡಿಯನ್ನು ಬೆರಳಿನಿಂದ ಮುಟ್ಟಿ ಹಣೆಗಿಟ್ಟುಕೊಂಡು, ಬರಿಗಾಲಲ್ಲಿ ಗಾಡಿಯೊಳಗೆ ಕೂತರು. ಆಮೇಲೆ ಯಾರು ಮ್ಯಾಟು ಎತ್ತುತ್ತಾರೆ? ಭಂಡಾರ ಬಿದ್ದ ಮ್ಯಾಟನ್ನು ಎತ್ತಿ ಕೊಡವಿ ಕೆಳಗೆ ತುಕ್ಕು ಇದೆಯೇ ಎಂದು ನೋಡುವ ಸೊಸೆ ನಮ್ಮ ಮನೆಗೆ ಇನ್ನೂ ಬಂದಿಲ್ಲ.

ಎಂಜಿನ್ ಓಡುತ್ತಿರುವಾಗ ಆಯಿಲ್ ಹಾಕುವ ಮುಚ್ಚಳ ತೆಗೆದು ನೋಡಬೇಕು. ಅಲ್ಲಿಂದ ಹೊಗೆ ಬುಸುಬುಸು ಬಂದರೆ ಎಂಜಿನ್ ಸವೆದಿದೆ. ಬಾನೆಟ್ ಎತ್ತಿಸಿ, ಗಂಡ ಗಾಡಿ ಚಾಲೂ ಮಾಡಿದಾಗ ಮುಚ್ಚಳಕ್ಕೆ ಕೈ ಹಾಕಿದೆ.

"ಅಕ್ಕಾರ, ಅಕ್ಕಾರ! ಬಿಸಿ ಆಯಿಲ್ ಸಿಡೀತೈತ್ರಿ, ಸೀರಿ ಹೊಲಸಾಕ್ಕೈತಿ" ಎಂದು ಅವನು ಬಾನೆಟ್ ಹಾಕಿಯೇ ಬಿಟ್ಟ. "ಡಾಕ್ಟರ ಗಾಡಿರಿ ಇದು. ದವಾಖಾನಿಗೆ ಹೋಗೂದು, ಮನಿಗೆ ಬರೂದು, ಅಷ್ಟ."

ಓಡಿಸಿ ನೋಡಲು ಹೊರಟಾಗ ನಾನು ಮುಂದಿನ ಸೀಟಿನಲ್ಲಿ ಕೂತು ಬೆಲ್ಟು ಎಳೆದೆ. ಅದು ಸ್ವಲ್ಪ ಬಿಗಿಯಾಗಿತ್ತು, ಜೋರಾಗಿ ಜಗ್ಗಿದೆ. ಒಳಗಿನಿಂದ ಹಳದಿ ಬಣ್ಣದ ನುಣ್ಣನೆಯ ಪುಡಿ ನನ್ನ ತೊಡೆಯ ಮೇಲೆ ಉದುರಿತು.

"ಮಲ್ಲಯ್ಯ ಬೆಲ್ಟಿನ್ಯಾಗೂ ಹೊಕ್ಕ ಕುಂತಾನ ನೋಡ್ರಿ!" ಎಂದ ಹಿಂದಿನ ಸೀಟಿನಿಂದ.

ನಾನು ಆ ಪುಡಿಯನ್ನು ಬೆರಳಿಗೆ ತೆಗೆದುಕೊಂಡು ಹಣೆಗಿಟ್ಟುಕೊಂಡೆ. ಬಿಎಸ್ಸಿ, ಬಿಎಡ್ ಓದಿದ ನಾನು.

ಗಾಡಿ ಮನೆಗೆ ಬಂತು. ಎರಡು ವಾರದಲ್ಲಿ ಗಂಡನ ಹೆಸರಿಗೂ ಆಯಿತು. ಆ ದಿನಗಳಲ್ಲಿ ಅದು ನಮಗೆ ಹೇಳದ ಮಾತಿಲ್ಲ. ಬೆಳಿಗ್ಗೆ ಚಾಲೂ ಮಾಡಿದರೆ ಹಿಂದಿನ ಗೋಡೆಯವರೆಗೆ ನೀಲಿ ಹೊಗೆ. ಗಂಡ ಆಯಿಲ್ ಕಡ್ಡಿ ಎಳೆದು ನೋಡುವರು, ಕಡಿಮೆಯಾಗಿರುವುದು, ಅರ್ಧ ಡಬ್ಬಿ ಸುರಿಯುವರು, ಮತ್ತೆ ಕಡಿಮೆ. ಮುಂದಿನ ದೀಪದ ಗಾಜಿನೊಳಗೆ ಇಬ್ಬನಿ. ಕೆಲವೊಮ್ಮೆ ಯಾರೂ ಮುಟ್ಟದೆ ನಾಲ್ಕೂ ಬಾಗಿಲಿನ ಲಾಕು ಟಕ್ ಎಂದು ಬೀಳುವುದು, ಟಕ್ ಎಂದು ಏಳುವುದು.

ಸರಿಯಾಗಿ ಹೇಳಿದವರು ಅತ್ತೆ ಒಬ್ಬರೇ. ಮೊದಲ ಸಲ ಮಿರಜಕ್ಕೆ ಹೋಗುವಾಗಲೇ ಸೆರಗು ಮೂಗಿಗೆ ಒತ್ತಿಕೊಂಡು, "ಈ ಗಾಡಿ ಹೊಳಿ ನಾತ ಹೊಡಿತೈತಲ್ಲೋ" ಎಂದರು.

"ಸೆಂಟಿನ ಡಬ್ಬಿ ಇಟ್ಟೀನಿ ಬೇ, ಅದರ ವಾಸನಿ ಇರಬೇಕು" ಎಂದರು ಗಂಡ.

"ಸೆಂಟ ಹೊಡದ್ರ ಹೊಳಿ ಹೋಗತೈತೇನ? ನಾ ಹೊಳಿ ದಂಡ್ಯಾಗ ಹುಟ್ಟಿದಾಕಿ. ನನಗ ಕಲಸಬ್ಯಾಡ."

ನಾವಿಬ್ಬರೂ ನಕ್ಕೆವು. ಆ ನಗು ನೆನೆದರೆ ಈಗಲೂ ನನ್ನ ಮೇಲೆ ನನಗೇ ಸಿಟ್ಟು ಬರುತ್ತದೆ.

ಆ ದಿನ ಮಿರಜದಿಂದ ಹಿಂತಿರುಗುತ್ತಿದ್ದೆವು. ಕಾಗವಾಡ ದಾಟಿದ ಮೇಲೆ ರಸ್ತೆ ಬದಿಯ ಕಬ್ಬಿನ ಹಾಲಿನ ಅಂಗಡಿ, ರಸವಂತಿಯ ಹತ್ತಿರ ಕಾರು ನಿಲ್ಲಿಸಿದರು. ಅತ್ತೆಗೆ ಬಾಯಾರಿಕೆಯಾಗಿತ್ತು. ಬಿಸಿಲು ಜೋರಿದ್ದುದರಿಂದ ಅವರಿಗೆ ತಂಪಿರಲಿ ಎಂದು ಎಂಜಿನ್ ಚಾಲೂ ಬಿಟ್ಟು, ಎಸಿ ಹಾಕಿ ನಾವಿಬ್ಬರೂ ಇಳಿದೆವು. ಕಬ್ಬಿನ ಹಾಲಿಗೆ ಹೇಳಿ ತಿರುಗಿದರೆ ಟಕ್ ಎಂಬ ಶಬ್ದ. ನಾಲ್ಕೂ ಬಾಗಿಲು ಲಾಕ್ ಆದವು. ಚಾವಿ ಒಳಗೆ. ಅತ್ತೆ ಒಳಗೆ.

"ಬೇ, ಆ ಗುಂಡಿ ಮ್ಯಾಲ ಎತ್ತ ಬೇ" ಎಂದು ಗಂಡ ಗಾಜಿಗೆ ಬಾಯಿ ಹಚ್ಚಿ ಹೇಳುತ್ತಿದ್ದರು. ಇನ್ನೂ ಯಾರಿಗೂ ಹೆದರಿಕೆ ಇರಲಿಲ್ಲ. ಅತ್ತೆಯ ಬೆನ್ನ ಹಿಂದೆ ಒಂದು ಬಾಗಿಲು, ಚಾಚಿದ ಪಾದದ ಆಚೆ ಇನ್ನೊಂದು. ಬೆನ್ನ ಹಿಂದಿನ ಗುಂಡಿಗೆ ಅವರು ಕೈ ತಿರುಗಿಸಿ ಎತ್ತಿದರು. ಎತ್ತಿದ ಕೂಡಲೇ ಅದು ಮತ್ತೆ ಟಕ್ ಎಂದು ತಾನೇ ಕೆಳಗಿಳಿಯಿತು. ಮತ್ತೆ ಎತ್ತಿದರು. ಮತ್ತೆ ಇಳಿಯಿತು. ಅವರಿಗೆ ನಗು ಬಂದಿತ್ತು.

ಆಗ ಎಂಜಿನ್ನಿನ ಶಬ್ದ ಬದಲಾಯಿತು.

ಆಕ್ಸಿಲರೇಟರ್ ಮೇಲೆ ಯಾರ ಕಾಲೂ ಇಲ್ಲ. ಆದರೂ ಯಾರೋ ಅದನ್ನು ನೆಲಕ್ಕೆ ಒತ್ತಿ ಹಿಡಿದ ಹಾಗೆ ಶಬ್ದ ಏರುತ್ತ ಹೋಯಿತು. ಏರಿತು, ಏರಿತು, ಮತ್ತೂ ಏರಿತು. ಅದೊಂದು ಯಂತ್ರದ ಶಬ್ದವೆಂದು ನನಗೆ ಅನ್ನಿಸಲಿಲ್ಲ, ಕಟ್ಟಿಹಾಕಿದ ಪ್ರಾಣಿ ಒದರುವ ಹಾಗಿತ್ತು. ಹಿಂದಿನಿಂದ ಬಿಳಿ ಹೊಗೆ ಮೊದಲು ರಸ್ತೆ ಮುಚ್ಚಿತು, ಆಮೇಲೆ ಕಾರನ್ನೇ ಮುಚ್ಚಿತು. ಎಸಿಯ ಕಂಡಿಗಳಿಂದ ಒಳಗೂ ಹೊಗೆ ತುಂಬತೊಡಗಿತು. ಅತ್ತೆ ಗಾಜು ಇಳಿಸುವ ಬಟನ್ ಒತ್ತುತ್ತಿದ್ದರು; ಗಾಜು ಅಲ್ಲಾಡಲಿಲ್ಲ. ಒಂದು ಅಂಗೈ ಗಾಜಿಗೆ ಹಚ್ಚಿದರು. ಆ ಅಂಗೈ ಮಾತ್ರ ಕಾಣುತ್ತಿತ್ತು, ಮುಖ ಕಾಣುತ್ತಿರಲಿಲ್ಲ. ಅದನ್ನು ಆಮೇಲೆ ನಾನು ಎಷ್ಟು ಸಲ ನೋಡಿದ್ದೇನೋ. ಪಾಠ ಮಾಡುವಾಗ ಕಪ್ಪು ಹಲಗೆಯ ಮೇಲೆ, ಅಡುಗೆಮನೆಯ ಕಿಟಕಿಯ ಮೇಲೆ.

ನನ್ನ ಗಂಡ ಮೊಣಕೈಯಿಂದ ಗಾಜು ಗುದ್ದುತ್ತಿದ್ದರು. ಹಿಂದೆ ಕಬ್ಬು ತುಂಬಿದ ಟ್ರ್ಯಾಕ್ಟರು ನಿಂತಿತು. ಅದರ ಡ್ರೈವರು, ಐವತ್ತು ದಾಟಿದ ಮನುಷ್ಯ, ಕೈಯಲ್ಲಿ ಕಬ್ಬಿಣದ ರಾಡು ಹಿಡಿದು ಓಡಿ ಬಂದ.

"ಬಾಜೂಕ ಸರಿ ಪಾವಣ್ಯಾ! ಮಾರಿ ಆ ಕಡೆ ಮಾಡ!" ಎಂದ ನನ್ನ ಗಂಡನಿಗೆ.

ಡ್ರೈವರ್ ಬದಿಯ ಗಾಜು ಎರಡನೆಯ ಏಟಿಗೆ ಒಡೆಯಿತು. ಗಂಡ ಕೈ ತೂರಿಸಿ ಬಾಗಿಲು ತೆಗೆದು, ಚಾವಿ ತಿರುಗಿಸಿ ಎಳೆದೇ ಬಿಟ್ಟರು. ಚಾವಿ ಅವರ ಕೈಯಲ್ಲಿತ್ತು. ಎಂಜಿನ್ ನಿಲ್ಲಲಿಲ್ಲ. ಅವರು ಚಾವಿಯನ್ನು ನೋಡುತ್ತ ನಿಂತರು. ಓದುಬರಹ ಬಲ್ಲ, ಮೋಟಾರು ಮಾರುವ ಮನುಷ್ಯ, ಕೈಯಲ್ಲಿ ಚಾವಿ ಹಿಡಿದು "ಬಂದ್ ಆಗವಲ್ದು, ಬಂದ್ ಆಗವಲ್ದು" ಎನ್ನುತ್ತ ನಿಂತಿದ್ದರು.

"ಮೊದಲ ಮುದುಕೀನ ತಗೀರಿ! ಗಾಡಿ ಆಮ್ಯಾಲ!" ಎಂದು ಟ್ರ್ಯಾಕ್ಟರಿನವನು ಒದರಿದ.

ನಾನು ಮುಂದಿನ ಸೀಟಿನ ಮೇಲೆ ಮೊಣಕಾಲೂರಿ, ಹೊಗೆಯೊಳಗೆ ಕೈ ಚಾಚಿ, ಅತ್ತೆಯ ಬೆನ್ನ ಹಿಂದಿನ ಬಾಗಿಲಿನ ಗುಂಡಿ ಎತ್ತಿ ಹಿಡಿದೆ. ಅದು ನನ್ನ ಬೆರಳುಗಳ ನಡುವೆ ಕೆಳಗೆ ಎಳೆಯುತ್ತಿತ್ತು, ಬಿಡಿಸಿಕೊಳ್ಳಲು ನೋಡುವ ಹಲ್ಲಿಯ ಹಾಗೆ. "ಜಗ್ಗ್ರಿ!" ಎಂದೆ. ಗಂಡ ಹೊರಗಿನಿಂದ ಬಾಗಿಲು ಜಗ್ಗಿದರು. ಅತ್ತೆ ಹಿಂದಕ್ಕೆ ಅವರ ತೋಳಿಗೆ ಬಿದ್ದರು. ಮಡಚಬಾರದ ಕಾಲು ಮಡಚಿತು. ಅವರ ಬಾಯಿಂದ ಬಂದ ಶಬ್ದ ಎಂಜಿನ್ನಿನ ಶಬ್ದದ ಮೇಲೂ ಕೇಳಿಸಿತು.

ಆಮೇಲೆ ಟ್ರ್ಯಾಕ್ಟರಿನವನು ತಾನೇ ಒಳಗೆ ಕೂತ. ಮುಂದೆ ನಿಂತವರನ್ನೆಲ್ಲ ಬೈದು ಸರಿಸಿದ. ಬ್ರೇಕಿನ ಮೇಲೆ ಎದ್ದು ನಿಂತ ಹಾಗೆ ಕಾಲಿಟ್ಟು, ಎಲ್ಲಕ್ಕಿಂತ ಮೇಲಿನ ಗೇರು ಹಾಕಿ, ಕ್ಲಚ್ ಒಮ್ಮೆಲೇ ಬಿಟ್ಟ. ಗಾಡಿ ಒಂದು ಸಲ ಮುಂದಕ್ಕೆ ಹಾರಿ, ಕೆಳಗೆ ಕುಕ್ಕರಿಸಿ, ಉಸಿರು ಬಿಟ್ಟಿತು. ಆಮೇಲಿನ ಮೌನದಲ್ಲಿ ರಸವಂತಿಯ ಗಾಣಕ್ಕೆ ಕಟ್ಟಿದ ಗೆಜ್ಜೆಗಳು ಕೇಳುತ್ತಿದ್ದವು. ಕಬ್ಬಿನ ಗಾಣ ಅಷ್ಟೊತ್ತೂ ತಿರುಗುತ್ತಲೇ ಇತ್ತು.

"ಟರ್ಬೋ ಹೋಗೈತಿ ಇದರದ" ಎಂದ ಅವನು ಇಳಿದು, ಟವೆಲ್ಲಿನಿಂದ ಕಣ್ಣೊರೆಸಿಕೊಳ್ಳುತ್ತ. "ತನ್ನ ಆಯಿಲ್ ತಾನ ಕುಡದ ಓಡಾಕತ್ತಿತ್ತು. ಡೀಸೆಲ್ಲ ಬೇಕಾಗಿಲ್ಲ ಅದಕ್ಕ, ಚಾವಿನೂ ಬೇಕಾಗಿಲ್ಲ. ಯಾರ ಕೊಟ್ರು ನಿಮಗ ಈ ಹೆಣಾ?"

ಅವನು ಅತ್ತೆಯ ಮುಂದೆ ಕುಕ್ಕರಗಾಲಲ್ಲಿ ಕೂತು, "ಆಯಿ, ಹಾಲ ಕುಡೀರಿ ಒಂದ ಗ್ಲಾಸ" ಎಂದು ಕಬ್ಬಿನ ಹಾಲನ್ನು ಅವರ ಕೈಗೆ ಕೊಟ್ಟ. ನಂತರ ಸಕ್ಕರೆ ಫ್ಯಾಕ್ಟರಿಯ ಸಾಲಿನಲ್ಲಿ ತನ್ನ ಪಾಳಿ ತಪ್ಪುತ್ತದೆ ಎಂದು ಹೊರಟುಬಿಟ್ಟ. ಅವನ ಊರನ್ನೂ ಕೇಳಲಿಲ್ಲ ನಾವು.

ಗಾಡಿಯನ್ನು ಎಳೆಸಿಕೊಂಡು ಅಥಣಿಗೆ ತಂದೆವು. ನಮ್ಮ ಓಣಿಯ ಮಿಸ್ತ್ರಿ ಬಾನೆಟ್ ಎತ್ತುವ ಮೊದಲೇ ಮುಂದಿನ ಬಾಗಿಲು ತೆರೆದು, ಸೀಟ್ ಬೆಲ್ಟನ್ನು ಎರಡೂ ಕೈಯಿಂದ ಕೊನೆಯವರೆಗೆ ಎಳೆದ. "ಅಕ್ಕಾ, ತಗೊಳ್ಳೂ ಮುಂದ ಇದನ್ನ ಪೂರಾ ಜಗ್ಗಿದ್ರೇನ್ರಿ?" ಎಂದ. ಬೆಲ್ಟಿನ ಮೇಲೆ ಅಡ್ಡಕ್ಕೆ ಒಂದು ಕಂದು ಗೆರೆ. ಗೆರೆಯ ಕೆಳಗೆಲ್ಲ ಬಣ್ಣ ಬೇರೆ. "ನೀರ ಇಲ್ಲೀತನಕ ನಿಂತೈತಿ. ಮಹಾಪೂರದಾಗ ಮುಳುಗಿದ ಗಾಡಿರಿ ಇದು."

ಸೀಟು ತೊಳೆಯಬಹುದು, ಮ್ಯಾಟು ಬದಲಿಸಬಹುದು, ಸೆಂಟಿನ ಡಬ್ಬಿ ಇಡಬಹುದು. ಬೆಲ್ಟಿನ ಸುರುಳಿಯೊಳಗೆ ಹೋದ ನೀರನ್ನು ಯಾರೂ ತೊಳೆಯುವುದಿಲ್ಲ. ಅವನು ಮ್ಯಾಟು ಎತ್ತಿದ. ಕೆಳಗೆ ವೈರಿನ ಜೋಡಣೆಗಳು ಹಸಿರು ಕಿಲುಬು ಹಿಡಿದಿದ್ದವು. ಸೀಟು ಜರುಗುವ ಪಟ್ಟಿಯಲ್ಲಿ ತುಕ್ಕು. ಡಿಕ್ಕಿಯ ಸ್ಟೆಪ್ನಿ ತೆಗೆದರೆ ಆ ಗುಂಡಿಯ ತಳದಲ್ಲಿ ಒಣಗಿ ಬಿರಿದ ಕೆಸರು, ಮೇಲೆ ಭಂಡಾರ. ಲಾಕು ಯಾಕೆ ತಾನೇ ಬೀಳುತ್ತಿತ್ತು, ಗಾಜು ಯಾಕೆ ಇಳಿಯಲಿಲ್ಲ, ಎಲ್ಲ ಅಲ್ಲೇ ಇತ್ತು. ನಾವು ನೋಡಬಹುದಾದ ಜಾಗಗಳಲ್ಲೇ ಇತ್ತು.

ಬೆಲ್ಟಿನಿಂದ ಉದುರಿದ ಪುಡಿಯನ್ನು ನಾನು ಕಾಗದದಲ್ಲಿ ಕಟ್ಟಿಕೊಂಡು ಮನೆಗೆ ತಂದೆ. ಬಾನೆಟ್ ಸಂದಿಯಲ್ಲಿ ಉಳಿದಿದ್ದ ಭಂಡಾರವನ್ನೂ ಒಂದು ಚಿಟಿಕೆ ತಂದೆ. ಎರಡು ಬಟ್ಟಲಲ್ಲಿ ಹಾಕಿ ಸಬಕಾರದ ನೀರು ಸುರಿಯಲು ಹೋದಾಗ ಮಂಚದ ಮೇಲಿಂದ ಅತ್ತೆ ಕೂಗಿದರು: "ಏ ಯವ್ವಾ, ದೇವರ ಭಂಡಾರಕ್ಕ ಸಬಕಾರ ಹಾಕ್ತೀಯೇನ? ತಲಿ ನೆಟ್ಟಗೈತೋ ಇಲ್ಲೋ ನಿಂದು?"

"ಒಂದ್ಸಲ ನೋಡ್ರಿ ಅತ್ತಿ" ಎಂದು ಸುರಿದೆ. ಬಾನೆಟ್ಟಿನದು ತಕ್ಷಣ ಕುಂಕುಮದ ಹಾಗೆ ಕೆಂಪಾಯಿತು. ಅರಿಶಿಣಕ್ಕೆ ಸಾಬೂನು ತಾಗಿದರೆ ಕೆಂಪಾಗುತ್ತದೆ; ಪ್ರತಿ ವರ್ಷ ಹತ್ತನೇ ತರಗತಿಗೆ ಇದನ್ನು ಮಾಡಿ ತೋರಿಸುವವಳು ನಾನು. ಬೆಲ್ಟಿನ ಪುಡಿ ಕೆಂಪಾಗಲಿಲ್ಲ. ಬಟ್ಟಲಿನ ತಳಕ್ಕೆ ಇಳಿದು ಕೆಸರಾಗಿ ಕೂತಿತು. ನಾನು ಹಣೆಗಿಟ್ಟುಕೊಂಡದ್ದು ಅದು.

ಅತ್ತೆ ಆ ಬಟ್ಟಲಲ್ಲಿ ಬೆರಳು ಅದ್ದಿ, ಮೂಗಿನ ಹತ್ತಿರ ಹಿಡಿದರು. "ಹೊಳಿ" ಎಂದರು. ಬಟ್ಟಲನ್ನು ಬಹಳ ಹೊತ್ತು ಕೆಳಗಿಡಲಿಲ್ಲ.

ಮಾರನೆಯ ದಿನ ಇಬ್ಬರೂ ಚಿಕ್ಕೋಡಿಗೆ ಹೋದೆವು. ನನಗೆ ಆಗ ನಿದ್ದೆ ಇರಲಿಲ್ಲ, ಊಟ ಇರಲಿಲ್ಲ, ಬರೀ ಸಿಟ್ಟಿತ್ತು. ಅವನು ಶೆಡ್ಡಿನ ಮುಂದೆ ಬೆನ್ನು ಮಾಡಿ ನಿಂತು ಫೋನಿನಲ್ಲಿ ಮಾತಾಡುತ್ತಿದ್ದ. ಪಕ್ಕದಲ್ಲಿ ಇನ್ನೊಂದು ಕಾರು, ಒದ್ದೆ ಒದ್ದೆಯಾಗಿ, ಆಗಷ್ಟೇ ತೊಳೆದದ್ದು.

"ಮನಿ ದೇವ್ರು ಯಾವ್ದಂದ್ರಿ?" ಎನ್ನುತ್ತಿದ್ದ. "ಹಾಂ? ಚಿಂಚಲಿ ಮಾಯಕ್ಕ? ಭಾಳ ಚಲೋ ಆತ್ರಿ. ನಮ್ಮ ಗಾಡಿನೂ ನಾಳೆ ಆ ಕಡೇನ ಹೊಂಟೈತಿ, ತಾಯಿ ಭಂಡಾರ ಹಾಕ್ಸೇ ಇಡತೀನ್ರಿ."

ನಾನು ಅವನ ಕೈಯಿಂದ ಫೋನು ಕಿತ್ತುಕೊಂಡೆ. ನನ್ನ ಜೀವನದಲ್ಲಿ ಬೇರೆಯವರ ಕೈಯಿಂದ ಏನನ್ನೂ ಕಿತ್ತುಕೊಂಡವಳಲ್ಲ. "ಈ ಗಾಡಿ ತಗೋಬ್ಯಾಡ್ರಿ" ಎಂದು ಅದರಲ್ಲಿ ಒದರಿದೆ. "ಭಂಡಾರ ನೋಡಬ್ಯಾಡ್ರಿ, ಸೀಟಿನ ಬೆಲ್ಟ ಪೂರಾ ಜಗ್ಗಿ ನೋಡ್ರಿ!" ಆ ಕಡೆಯವರು ಯಾರೋ, "ಯಾರ್ರಿ ನೀವು?" ಎಂದು ಕೇಳಿ ಫೋನಿಟ್ಟರು.

ಅವನಿಗೆ ಕೋಪ ಬರಲೇ ಇಲ್ಲ. ಅದೇ ನನ್ನನ್ನು ಇನ್ನಷ್ಟು ಉರಿಸಿತು. ಖುರ್ಚಿ ಹಾಕಿಸಿದ, ಚಹಾ ತರಿಸಿದ. "ಅಕ್ಕಾರ, ಸಿಟ್ಟ ಸಹಜ ಐತ್ರಿ. ಗಾಡಿ ತಂದ ಬಿಡ್ರಿ ಇಲ್ಲೆ. ನಿಮ್ಮದೇನೈತಿ ಪೂರಾ ವಾಪಸ್ ಕೊಡತೀನಿ. ಒಂದ ಕಾಗದ ಬರದ ಕೊಡ್ರಿ, ಯಾರ ಮುಂದೂ ತಕರಾರ ಹೇಳೂದಿಲ್ಲ ಅಂತ. ಆತಲ್ಲ?"

"ತಗೊಂಡ ಏನ್ ಮಾಡ್ತೀರಿ ಅದನ್ನ?"

"ಬ್ಯಾರೆ ಎಂಜಿನ್ ಕುಂದರಸ್ತೀನ್ರಿ. ನಿಮಗ್ಯಾಕ ಆ ಚಿಂತಿ?"

"ಮುಳುಗಿದ ಗಾಡಿ ಅಂತ ಹೇಳಿ ಮಾರ್ತೀರೇನು?"

ಅವನು ನಕ್ಕ. "ನೀವು ಪಾಸಾದ ಹುಡುಗೂರ ಮಾರ್ಕ್ಸ್ ಕಾರ್ಡಿನ ಮ್ಯಾಲ, ಮೊದಲ ಎಷ್ಟ ಸಲ ನಪಾಸ ಆಗಿದ್ರು ಅಂತ ಬರೀತೀರೇನ್ರಿ?"

ಬರುವಾಗ ದಾರಿಯುದ್ದಕ್ಕೂ ಗಂಡನಿಗೂ ನನಗೂ ಜಗಳ. ಹಣ ಹಿಂತಿರುಗಿ ಬರುತ್ತದೆ, ಅವ್ವ ಬದುಕಿದ್ದಾಳೆ, ಸಾಕು ಎಂಬುದು ಅವರ ಮಾತು. "ಊರ ಮಂದಿ ಗಾಡಿ ತಗೊಳ್ಳೂದನ್ನೆಲ್ಲ ನಾವ ಕಾಯಬೇಕೇನ?" ಎಂದರು. ಅವರ ಮಾತಿನಲ್ಲಿ ತಪ್ಪಿರಲಿಲ್ಲ. ಅಂಗಡಿಗೆ ಆ ಹಣ ಬೇಕಿತ್ತು. ಆದರೆ ಗಾಡಿಯನ್ನು ಅವನಿಗೆ ಕೊಟ್ಟರೆ ಅದು ಇನ್ನೊಂದು ಮನೆ ದೇವರ ಭಂಡಾರ ಹಚ್ಚಿಕೊಂಡು ಇನ್ನೊಂದು ಅಂಗಳಕ್ಕೆ ಹೋಗುತ್ತದೆ. ಅದರ ಗಾಜಿಗೆ ಇನ್ನೊಂದು ಅಂಗೈ ಹತ್ತುತ್ತದೆ. ಹತ್ತು ದಿನ ನಾವು ಇದನ್ನೇ ಜಗಳಾಡಿದೆವು. ರಾತ್ರಿ ಅತ್ತೆ ತನ್ನ ಕೋಣೆಯ ಬಾಗಿಲಿಗೆ ಅಗುಳಿ ಹಾಕಗೊಡುತ್ತಿರಲಿಲ್ಲ; ಮುಂಬಾಗಿಲನ್ನೂ ಎದ್ದು ಹೋಗಿ ತೆಗೆದಿಡುತ್ತಿದ್ದರು, ಆ ಕಾಲಿನಲ್ಲಿ, ವಾಕರು ಹಿಡಿದು. ವಾಕರಿನ ಶಬ್ದಕ್ಕೆ ನಾನು ಏಳುತ್ತಿದ್ದೆ. ಅಥವಾ ಮೊದಲೇ ಎದ್ದಿರುತ್ತಿದ್ದೆ.

ಗಾಡಿ ಮಿಸ್ತ್ರಿಯ ಅಂಗಳದಲ್ಲೇ ನಿಂತಿತ್ತು. ಚಿಕ್ಕೋಡಿಯವನು ಎರಡು ಸಲ ಎಳೆಯುವ ಗಾಡಿ ಕಳಿಸಿದ. ಎರಡನೆಯ ಸಲ ಬಂದ ಮನುಷ್ಯ ನಮ್ಮ ಮನೆಗೇ ಬಂದು ಕಟ್ಟೆಯ ಮೇಲೆ ಕೂತ. ಗಂಡ ಚಾವಿ ಹಿಡಿದು ಹೊರಗೆ ಬಂದರು. ನನಗೆ ಅವರ ಮುಖ ನೋಡಲಾಗಲಿಲ್ಲ.

"ಯಾಂವ ಅಂವಾ?" ಎಂದು ಅತ್ತೆ ಒಳಗಿನಿಂದ ಕೇಳಿದರು.

"ಗಾಡಿ ಒಯ್ಯಾಕ ಬಂದಾರ ಬೇ" ಎಂದರು ಗಂಡ.

ಅತ್ತೆ ವಾಕರು ಕುಟ್ಟುತ್ತ ಹೊಸ್ತಿಲಿಗೆ ಬಂದು ನಿಂತರು. "ಒಯ್ದ ಏನ್ ಮಾಡ್ತೀರ್ಯೋ ತಮ್ಮಾ?"

"ರಿಪೇರಿ ಮಾಡಿ ಕೊಡ್ತಾರ ಆಯಿ, ಬ್ಯಾರೆದವ್ರಿಗೆ."

"ಯಾವ ದೇವರ ಹೆಸರ ಹೇಳಿ ಕೊಡ್ತಾನಂತ ಈಗ?" ಎಂದರು. ಅವನಿಗೆ ತಿಳಿಯಲಿಲ್ಲ, ನಕ್ಕ. ಅತ್ತೆ ನಗಲಿಲ್ಲ. ಮಗನ ಕೈಯಿಂದ ಚಾವಿ ತೆಗೆದುಕೊಂಡು ಸೊಂಟದ ಚೀಲಕ್ಕೆ ಹಾಕಿಕೊಂಡರು. "ನಿನ್ನ ಮಾಲಕಗ ಹೇಳ. ನಾ ಕುಂತಿದ್ನಿ ಅದರಾಗ. ಉಸರ ಹ್ಯಾಂಗ ನಿಂದರತೈತಿ ಅಂತ ನಾ ನೋಡೇನಿ. ಅದನ್ನ ಮತ್ತೊಬ್ಬಾಕಿಗೆ ತೋರಸೂದಿಲ್ಲ ನಾ. ಏಳ, ನಡಿ."

ಅವನು ಹೋದ. ಗಂಡ "ಹೋದದ್ದ ಹೋತು" ಎಂದು ಅಂಗಡಿಗೆ ಹೋದರು. ಆಮೇಲೆ ಅದರ ಮಾತೆತ್ತಲಿಲ್ಲ. ಅದಕ್ಕೆ ನಾನು ಅವರಿಗೆ ಋಣಿ, ಮುಖದ ಮುಂದೆ ಎಂದೂ ಹೇಳಿಲ್ಲವಾದರೂ.

ನಿಪ್ಪಾಣಿಯ ಆಚೆ, ಹೆದ್ದಾರಿಯ ಬದಿಗೆ, ಪರವಾನಗಿ ಪಡೆದು ಹಳೆಯ ವಾಹನ ಒಡೆಯುವವರಿದ್ದಾರೆ. ಅಲ್ಲಿ ಕೊಟ್ಟರೆ ಗಾಡಿಯ ನೋಂದಣಿಯೂ ರದ್ದಾಗುತ್ತದೆ, ಆ ನಂಬರಿನಲ್ಲಿ ಅದು ಮತ್ತೆ ಹುಟ್ಟುವಂತಿಲ್ಲ. ತೂಕದ ಮೇಲೆ ಬರುವುದು ಹಳೆ ಕಬ್ಬಿಣದ ರೇಟು. ನಾನು ಶಾಲೆಗೆ ರಜೆ ಹಾಕಿ ಗಂಡನ ಜೊತೆ ಹೋದೆ. ಅಲ್ಲಿಯವನು, "ಸಹಿ ಮಾಡಿ ಹೋಗ್ರಿ, ಮುಂದಿನ ವಾರ ಒಡೀತೀವಿ" ಎಂದ.

"ಇಲ್ರಿ, ಈಗ ಒಡೀರಿ. ನಾ ಕುಂದರತೀನಿ."

"ಅಕ್ಕಾ, ಇದೇನ್ ನಾಟಕ ಐತೇನ್ರಿ ನೋಡಾಕ?"

"ಹೌದು" ಎಂದೆ. ಅವನು ನನ್ನ ಮುಖ ನೋಡಿ ಖುರ್ಚಿ ಕೊಟ್ಟ.

ಗ್ಯಾಸಿನ ಕಟರಿನಿಂದ ಮೊದಲು ಬಾಗಿಲು ಕತ್ತರಿಸಿದರು. ಚಾಸಿ ನಂಬರಿನ ತುಂಡನ್ನು ಬೇರೆ ಮಾಡಿ ನನಗೆ ತೋರಿಸಿದರು. ಎಂಜಿನ್ ಹೊರಗೆಳೆದು, ಅದರ ಬ್ಲಾಕಿನ ಮೇಲೆ ಇಬ್ಬರು ದೊಡ್ಡ ಸುತ್ತಿಗೆಯಿಂದ ಹೊಡೆದರು. ಹೊಡೆದ ಕಡೆಯೆಲ್ಲ ಹಳದಿ ಪುಡಿ ಏಳುತ್ತಿತ್ತು. ಯಾವುದು ಅರಿಶಿಣ, ಯಾವುದು ಕೆಸರು ಎಂದು ಅಷ್ಟು ದೂರದಿಂದ ಗೊತ್ತಾಗುವಂತಿರಲಿಲ್ಲ. ಬ್ಲಾಕು ಎರಡು ಹೋಳಾಗುವವರೆಗೆ ನಾನು ಏಳಲಿಲ್ಲ. ಖುಷಿಯಾಗಲಿಲ್ಲ. ಆ ಚಿಕ್ಕೋಡಿಯ ಶೆಡ್ಡು ಇವತ್ತಿಗೂ ತೆರೆದೇ ಇದೆ. ಪೊಲೀಸರಿಗೆ ದೂರು ಕೊಟ್ಟಿದ್ದೇವೆ, ನಾಳೆ ಬರ್ರಿ ಎನ್ನುತ್ತಲೇ ಇದ್ದಾರೆ. ತೊಳೆದು ನಿಲ್ಲಿಸಿದ ಆ ಇನ್ನೊಂದು ಕಾರು ಯಾರ ಮನೆಗೆ ಹೋಯಿತೋ ನನಗೆ ಗೊತ್ತಿಲ್ಲ. ಫೋನಿನಲ್ಲಿ ಒದರಿದ್ದನ್ನು ಅವರು ಕೇಳಿಸಿಕೊಂಡಿದ್ದರೆ ಸಾಕು. ಈಗ ಯಾರು ಗಾಡಿ ಕೊಳ್ಳುವ ಮಾತೆತ್ತಿದರೂ ಸ್ಟಾಫ್ ರೂಮಿನಲ್ಲಿ ನಾನು ಸುಮ್ಮನಿರುವುದಿಲ್ಲ: ಹೇಳಿದ ಹೊತ್ತಿಗಿಂತ ಒಂದು ಗಂಟೆ ಮೊದಲು ಹೋಗಿ, ಎಂಜಿನ್ ಬಿಸಿಯಿದ್ದರೆ ಹಿಂತಿರುಗಿ ಬನ್ನಿ, ಗಾಡಿ ಎಂದಾದರೂ ಮುಳುಗಿತ್ತೇ ಎಂದು ಹಿಂದಿನ ವಿಮೆ ಕಂಪನಿಯನ್ನು ವಿಚಾರಿಸಿ, ಟರ್ಬೋದ ಪೈಪು ಬಿಚ್ಚಿಸಿ ಒಳಗೆ ಆಯಿಲ್ ಇದೆಯೇ ನೋಡಿ. ಮನೆ ದೇವರು ಯಾವುದು ಎಂದು ಮಾರುವವನು ಕೇಳಿದರೆ ಹೇಳಬೇಡಿ. ಬೇಸರ ಬರುವಷ್ಟು ಹೇಳುತ್ತೇನೆ.

ಗಾಡಿ ಒಡೆಸಿದ ಆ ದಿನ ಬುಧವಾರ. ಮನೆಗೆ ಬಂದಾಗ ಅತ್ತೆ, "ಒಡದ್ರೇನ?" ಎಂದರು. "ಎರಡ ಹೋಳ ಆತ್ರಿ" ಎಂದೆ. "ಕಣ್ಣಲೆ ನೋಡಿದೇನ?" "ನೋಡಿದ್ನಿ." ಬಡಿಸಿದ್ದನ್ನೆಲ್ಲ ಉಂಡರು, ಮಲಗಿದರು. ಮರುದಿನ ನನಗೆ ಎಚ್ಚರವಾದಾಗ ಗೋಡೆಯ ಮೇಲೆ ಬಿಸಿಲು ಬಿದ್ದಿತ್ತು. ಶಾಲೆಯ ಬಸ್ಸು ಹೋಗಿಯಾಗಿತ್ತು. ಗಾಬರಿಯಿಂದ ಅತ್ತೆಯ ಕೋಣೆಗೆ ಹೋದರೆ ಬಾಗಿಲು ಮುಚ್ಚಿತ್ತು, ಒಳಗಿನಿಂದ ಅಗುಳಿ ಹಾಕಿತ್ತು, ಗೊರಕೆ ಕೇಳುತ್ತಿತ್ತು. ನಾನು ತಟ್ಟಲಿಲ್ಲ.